ಕಾಶಿಯಲ್ಲಿ ನಿಮ್ಮದೇ ದೋಣಿ: ಅಸ್ಸಿಯಿಂದ ರಾಜ್‌ಘಾಟ್‌ವರೆಗೆ ಆರಾಮಾಗಿ ಸಾಗುವ ಬಗೆ

ಕಾಶಿಗೆ ಹೋದ ನಮ್ಮವರ ದೋಣಿ ಪ್ರಯಾಣ ಹೆಚ್ಚಾಗಿ ಹೀಗಿರುತ್ತದೆ. ದಶಾಶ್ವಮೇಧ ಘಾಟ್‌ನಲ್ಲಿ ಯಾರೋ ಬಂದು ಕರೆಯುತ್ತಾರೆ, ತಲೆಗೆ ಇಷ್ಟು ಅಂತ ಕೊಟ್ಟು ಮೋಟಾರ್ ಬೋಟ್ ಹತ್ತುತ್ತಾರೆ, ಎಂಜಿನ್ ಸದ್ದಿನಲ್ಲಿ ಯಾವ ಘಾಟ್ ಯಾವುದು ಅಂತ ಕೇಳಿಸುವಷ್ಟರಲ್ಲಿ ವಾಪಸ್ ತಂದು ಇಳಿಸಿರುತ್ತಾರೆ. ಊರಿಗೆ ಬಂದ ಮೇಲೆ ಏನು ನೋಡಿದ್ರಿ ಅಂದರೆ ಆರತಿ ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ಇಡೀ ಊರು ನದಿಗೆ ಮುಖ ಮಾಡಿ ಕೂತಿದೆ. ಗಲ್ಲಿಗಳಲ್ಲಿ ಓಡಾಡಿದರೆ ಅದರ ಬೆನ್ನು ಕಾಣಿಸುತ್ತದೆ ಅಷ್ಟೇ. ಮುಖ ನೋಡಬೇಕಾದರೆ ನೀರಿಗೆ ಇಳಿಯಲೇಬೇಕು, ಅದೂ ನಿಧಾನವಾಗಿ. ಅದಕ್ಕೆ ನನ್ನ ಸಲಹೆ ಇಷ್ಟು: ನಿಮ್ಮ ಮನೆಯವರಿಗೆ ಮಾತ್ರ ಅಂತ ಒಂದು ದೋಣಿ ಗೊತ್ತು ಮಾಡಿಕೊಳ್ಳಿ, ಅದು ಹುಟ್ಟು ಹಾಕುವ ದೋಣಿಯಾಗಿರಲಿ, ಬೆಳಗಿನ ಜಾವ ಹೊರಡಿ, ನೀರು ಹರಿಯುವ ಕಡೆಗೇ ಸಾಗಿ. ಇದು ದೊಡ್ಡ ಖರ್ಚಿನ ವಿಷಯವೂ ಅಲ್ಲ. ನಾಲ್ಕೈದು ಜನ ಇದ್ದರೆ ತಲೆಗೆ ಹಂಚಿಕೊಂಡಾಗ ಹೋಟೆಲಿನ ಒಂದು ಊಟದ ಲೆಕ್ಕಕ್ಕೆ ಬರುತ್ತದೆ.

ಮೊದಲು ನದಿಯ ದಿಕ್ಕು ತಿಳ್ಕೊಳ್ಳಿ

ಕಾಶಿಯಲ್ಲಿ ಗಂಗೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತಾಳೆ. ಊರಿರುವುದು ಪಶ್ಚಿಮದ ದಡದಲ್ಲಿ. ಎದುರು ದಡದಲ್ಲಿ ಬರೀ ಮರಳು, ಮನೆ ಮಠ ಏನೂ ಇಲ್ಲ. ಹಾಗಾಗಿ ಸೂರ್ಯ ಆ ಮರಳಿನ ಹಿಂದಿನಿಂದ ಹುಟ್ಟಿ ನೇರ ಮೆಟ್ಟಿಲುಗಳ ಮೇಲೆ ಬೀಳುತ್ತಾನೆ. ಬೆಳಿಗ್ಗೆ ಎಲ್ಲಾ ಅರಮನೆ, ದೇವಸ್ಥಾನಗಳ ಮುಖಕ್ಕೆ ಬೆಳಕು. ಸಂಜೆ ಅದೇ ಸೂರ್ಯ ಊರಿನ ಹಿಂದೆ ಇಳಿಯುವುದರಿಂದ ಘಾಟ್‌ಗಳೆಲ್ಲ ನೆರಳಲ್ಲಿರುತ್ತವೆ, ಕಲ್ಲಿನ ಕೆತ್ತನೆ ಯಾವುದೂ ಸರಿಯಾಗಿ ಕಾಣುವುದಿಲ್ಲ, ದೀಪ ಹತ್ತಿದ ಮೇಲೆ ಮಾತ್ರ ಚೆಂದ. ಊರು ನೋಡಬೇಕಾ, ಬೆಳಿಗ್ಗೆ ಹೋಗಿ. ಆರತಿ ನೋಡಬೇಕಾ, ಸಂಜೆ ಹೋಗಿ. ಎರಡನ್ನೂ ಒಂದೇ ಸವಾರಿಯಲ್ಲಿ ಮುಗಿಸಲು ಹೊರಟರೆ ಎರಡೂ ಅರ್ಧಂಬರ್ಧ ಆಗುತ್ತದೆ.

ದಕ್ಷಿಣ ತುದಿಯಲ್ಲಿ ಅಸ್ಸಿ ಘಾಟ್, ಉತ್ತರ ತುದಿಯಲ್ಲಿ ರಾಜ್‌ಘಾಟ್ ಮತ್ತು ಅದರಾಚೆ ವರುಣಾ ನದಿ ಸೇರುವ ಆದಿಕೇಶವ. ನಡುವೆ ಸುಮಾರು ಆರೇಳು ಕಿಲೋಮೀಟರ್, 84 ಘಾಟ್‌ಗಳು ಅಂತ ಲೆಕ್ಕ. ಅಸ್ಸಿಯಿಂದ ಹೊರಟರೆ ಹರಿವು ನಿಮ್ಮ ಕಡೆ ಇರುತ್ತದೆ. ಹುಟ್ಟು ಹಾಕುವವನು ಬೆವರುವುದಿಲ್ಲ, ನೀವೂ ಅವನ ಮುಖ ನೋಡಿ ಪಾಪ ಅನ್ನಬೇಕಿಲ್ಲ. ವಾಪಸ್ ಬರುವಾಗ ಅದೇ ದೂರಕ್ಕೆ ಎರಡು ಪಟ್ಟು ಹೊತ್ತು ಬೇಕು, ದಡದ ಪಕ್ಕದಲ್ಲೇ ಉಜ್ಜಿಕೊಂಡು ಬರಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಸೆಳೆತ ಕಡಿಮೆ. ಇದಕ್ಕೇ ನಾನು ಹೇಳುವುದು ಒಂದು ಕಡೆಯ ಪ್ರಯಾಣ ಮಾಡಿ ಅಂತ. ಪಂಚಗಂಗಾ ಘಾಟ್‌ನಲ್ಲೋ ನಮೋ ಘಾಟ್‌ನಲ್ಲೋ ಇಳಿದು ಟೋಟೋ ಹಿಡಿದು ಬನ್ನಿ. ಟೋಟೋ ಅಂದರೆ ಇ-ರಿಕ್ಷಾ, ಅಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ.

ಯಾವ ತಿಂಗಳು

ಅಕ್ಟೋಬರ್ ಕೊನೆಯಿಂದ ನವೆಂಬರ್, ಮತ್ತೆ ಫೆಬ್ರವರಿಯಿಂದ ಮಾರ್ಚ್. ಇವು ಎಲ್ಲಕ್ಕಿಂತ ವಾಸಿ.

ಡಿಸೆಂಬರ್, ಜನವರಿಯಲ್ಲಿ ಮಂಜು ಬಿದ್ದರೆ ಪಕ್ಕದ ದೋಣಿಯೂ ಕಾಣುವುದಿಲ್ಲ. ಅದಕ್ಕೂ ಒಂದು ಚೆಲುವಿದೆ ಅನ್ನುವವರಿದ್ದಾರೆ, ಆದರೆ ಸೂರ್ಯೋದಯದ ಆಸೆ ಇಟ್ಟುಕೊಂಡು ಹೋದರೆ ನಿರಾಸೆ ಖಂಡಿತ. ಚಳಿಯೂ ನಮ್ಮ ಬೆಂಗಳೂರಿನ ಚಳಿಯಲ್ಲ. ನೀರಿನ ಮೇಲೆ ಗಾಳಿ ಬೀಸಿದರೆ ಸ್ವೆಟರ್ ಸಾಲದು, ಕಿವಿ ಮುಚ್ಚುವ ಟೋಪಿ, ಶಾಲು, ಕಾಲುಚೀಲ ಎಲ್ಲವೂ ಬೇಕು. ಏಪ್ರಿಲ್ ಮಧ್ಯದಿಂದ ಜೂನ್‌ವರೆಗೆ ಬಿಸಿಲು ಅಂದರೆ ಬಿಸಿಲು, ಬೆಳಿಗ್ಗೆ ಏಳು ದಾಟಿದ ಮೇಲೆ ನೀರಿನ ಮೇಲಿರುವುದೇ ಕಷ್ಟ. ಹಾಗೂ ಹೋಗಲೇಬೇಕಾದರೆ ಐದಕ್ಕೆ ಮೊದಲೇ ದೋಣಿಯಲ್ಲಿರಿ, ಜೂನ್‌ನಲ್ಲಿ ಅಲ್ಲಿ ಐದೂಕಾಲಿಗೆಲ್ಲ ಸೂರ್ಯ ಬಂದಿರುತ್ತಾನೆ.

ಜುಲೈಯಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ಗಂಗೆ ಉಕ್ಕಿದಾಗ ಜಿಲ್ಲಾಡಳಿತ ದೋಣಿ ಸಂಚಾರವನ್ನೇ ನಿಲ್ಲಿಸುತ್ತದೆ. ವಾರಾಣಸಿಯಲ್ಲಿ ಅಪಾಯದ ಮಟ್ಟ ಸಮುದ್ರ ಮಟ್ಟದ ಲೆಕ್ಕದಲ್ಲಿ 71.262 ಮೀಟರ್. 1978ರಲ್ಲಿ ನೀರು 73.901 ಮೀಟರ್‌ವರೆಗೆ ಏರಿತ್ತು. ಘಾಟ್ ಮುಳುಗಿದಾಗ ಸಂಜೆಯ ಆರತಿಯನ್ನು ಮಹಡಿ ಮೇಲೆ ಮಾಡುವುದೂ ಉಂಟು. ನೀರು ಇಳಿದ ಮೇಲೂ ಅಕ್ಟೋಬರ್ ಮೊದಲ ವಾರಗಳಲ್ಲಿ ಮೆಟ್ಟಿಲ ಮೇಲೆ ದಪ್ಪ ಹೂಳು ಕೂತಿರುತ್ತದೆ, ಪೈಪಿನಲ್ಲಿ ನೀರು ಬಿಟ್ಟು ತೊಳೆಯುತ್ತಿರುತ್ತಾರೆ, ಜಾರಿಕೆ ವಿಪರೀತ. ವಯಸ್ಸಾದವರು ಜೊತೆಗಿದ್ದರೆ ಆ ಹೊತ್ತಿನಲ್ಲಿ ಬೇಡ.

ಇನ್ನು ಕಾರ್ತಿಕ ಹುಣ್ಣಿಮೆಯ ದೇವ್ ದೀಪಾವಳಿ. ಎಲ್ಲಾ ಘಾಟ್‌ಗಳ ಮೆಟ್ಟಿಲ ಮೇಲೆ ಹಣತೆ. ನೋಡಬೇಕಾದ್ದೇ, ಸಂಶಯ ಇಲ್ಲ. ಆದರೆ ಆವತ್ತು ದೋಣಿ ಬಾಡಿಗೆ ಮಾಮೂಲಿಯ ಎಷ್ಟೋ ಪಟ್ಟು, ತಿಂಗಳುಗಳ ಮೊದಲೇ ಬುಕ್ ಆಗಿರುತ್ತದೆ, ನೀರಿನ ಮೇಲೆ ದೋಣಿಗೆ ದೋಣಿ ತಾಕುವಷ್ಟು ಸಂದಣಿ. ಆರಾಮಾಗಿ ಹೋಗುವ ದಿನ ಅದಲ್ಲ.

ದೋಣಿ ಯಾವುದು

ಮೂರು ಬಗೆ ಇವೆ ಅಂದುಕೊಳ್ಳಿ. ದೊಡ್ಡ ಕ್ರೂಸ್ ಹಡಗುಗಳು, ಎಸಿ ಇರುತ್ತದೆ, ಟಿಕೆಟ್ ಮೊದಲೇ ತೆಗೆಯಬೇಕು, ರವಿದಾಸ್ ಘಾಟ್ ಕಡೆಯಿಂದ ಹೊರಡುತ್ತವೆ. ಮಂಡಿ ನೋವಿನ ಅಪ್ಪ ಅಮ್ಮನಿಗೆ ಅದೇ ಸರಿ ಅನ್ನಿಸಬಹುದು, ಆದರೆ ಅದು ನಿಮ್ಮ ದೋಣಿ ಅಲ್ಲ, ನಿಲ್ಲು ಅಂದರೆ ನಿಲ್ಲುವುದಿಲ್ಲ. ಎರಡನೆಯದು ಬಜ್ಡಾ, ಮೇಲೆ ಕೂರಲು ಅಟ್ಟಣಿಗೆ ಇರುವ ಮೋಟಾರ್ ದೋಣಿ. ಹತ್ತಿಪ್ಪತ್ತು ಜನರ ಗುಂಪಿಗೆ ಇದು ಅನುಕೂಲ. ಈಚೆಗೆ ಇವುಗಳಲ್ಲಿ ತುಂಬಾ ದೋಣಿಗಳು ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬದಲಾಗಿವೆ, ದೋಣಿಗಳಿಗಾಗಿ ನೀರಿನ ಮೇಲೇ ತೇಲುವ ಸಿಎನ್‌ಜಿ ಬಂಕ್ ಇದೆ. ಹೊಗೆ ಕಡಿಮೆಯಾಗಿದೆ, ಸದ್ದು ಪೂರ್ತಿ ಹೋಗಿಲ್ಲ.

ಮೂರನೆಯದು ಹುಟ್ಟು ಹಾಕುವ ಮರದ ದೋಣಿ. ಅಲ್ಲಿನವರು ಹುಟ್ಟಿಗೆ ಚಪ್ಪು ಅಂತಾರೆ. ಬಿದಿರಿನ ಗಳಕ್ಕೆ ಹಲಗೆ ಕಟ್ಟಿದ ಚಪ್ಪು, ಅದನ್ನು ದೋಣಿಯ ಅಂಚಿನ ಗೂಟಕ್ಕೆ ಹಗ್ಗದ ಕುಣಿಕೆಯಲ್ಲಿ ಸಿಕ್ಕಿಸಿರುತ್ತಾರೆ. ಪ್ರತಿ ಸಲ ಎಳೆದಾಗ ಆ ಒದ್ದೆ ಹಗ್ಗ ಮರಕ್ಕೆ ಉಜ್ಜಿ ಕಿರ್ ಅನ್ನುತ್ತದೆ, ಹಗ್ಗ ಒಣಗಿದರೆ ಅವನು ಬೊಗಸೆಯಲ್ಲಿ ನೀರು ಹಾಕುತ್ತಾನೆ. ಇದರಲ್ಲಿ ಕೂತರೆ ದಡದ ಮೇಲೆ ಬಟ್ಟೆ ಒಗೆಯುವ ಸದ್ದು, ಗಂಟೆ, ಯಾರದೋ ಮಂತ್ರ, ಎಲ್ಲವೂ ಕೇಳಿಸುತ್ತದೆ. ನಾಲ್ಕೈದು ಜನಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಈಗ ಮೋಟಾರ್ ಹಾವಳಿಯಲ್ಲಿ ಇವು ಕಡಿಮೆಯಾಗುತ್ತಿವೆ, ಕೇಳಿ ಹುಡುಕಬೇಕು.

ಮಾತಾಡುವುದು ಹೇಗೆ

ಹೋಟೆಲಿನ ಕೌಂಟರ್‌ನಲ್ಲಿ, ಆಟೋದವನ ಹತ್ತಿರ ದೋಣಿ ಗೊತ್ತು ಮಾಡಬೇಡಿ. ಕಮಿಷನ್ ಸೇರುತ್ತದೆ, ಅದರಲ್ಲಿ ಹುಟ್ಟು ಹಾಕುವವನಿಗೆ ಸಿಗುವುದು ಚೂರು. ಹಿಂದಿನ ದಿನ ಸಂಜೆ ಅಸ್ಸಿ ಘಾಟ್‌ಗೆ ಸುಮ್ನೆ ಒಂದು ವಾಕ್ ಹೋಗಿ. ದೋಣಿ ನಡೆಸುವವರು ನಿಷಾದ, ಮಲ್ಲಾಹ ಸಮುದಾಯದವರು, ತಲೆತಲಾಂತರದಿಂದ ಇದೇ ಕೆಲಸ. ಯಾವ ಘಾಟ್‌ನಲ್ಲಿ ಯಾರು ಅನ್ನುವುದಕ್ಕೆ ಅವರಲ್ಲೇ ಕಟ್ಟುಪಾಡುಗಳಿವೆ. "ಭೈಯಾ" ಅಂತ ಮಾತು ಶುರು ಮಾಡಿ, ಹಿಂದಿ ತಪ್ಪಿದರೂ ಯಾರೂ ನಗುವುದಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆ "ಪೂರಾ ನಾವ್ ಕಾ ಕಿತ್ನಾ, ಏಕ್ ಘಂಟಾ ಕಾ?" ಇಡೀ ದೋಣಿಗೆ, ಒಂದು ಗಂಟೆಗೆ ಎಷ್ಟು ಅಂತ. ಇದನ್ನು ಸ್ಪಷ್ಟ ಮಾಡದಿದ್ದರೆ ಅವನು ತಲೆ ಲೆಕ್ಕ ಹೇಳುತ್ತಾನೆ, ನೀವು ದೋಣಿ ಲೆಕ್ಕ ಅಂದುಕೊಳ್ಳುತ್ತೀರಿ, ಇಳಿಯುವಾಗ ಜಗಳ. "ಚಪ್ಪೂ ವಾಲೀ ನಾವ್, ಮೋಟರ್ ನಹೀಂ" ಅಂತಲೂ ಹೇಳಿ. "ಸವಾರಿ ನಹೀಂ ಲೇನಾ, ಸಿರ್ಫ್ ಹಮಾರಾ ಪರಿವಾರ್" ಅಂದರೆ ದಾರಿಯಲ್ಲಿ ಬೇರೆಯವರನ್ನು ಹತ್ತಿಸಬೇಡ ಅಂತ. ಇದನ್ನು ಹೇಳದೆ ಇದ್ದರೆ ನಿಮ್ಮ ಖಾಸಗಿ ದೋಣಿ ಸೀಟು ತುಂಬುವವರೆಗೆ ಹೊರಡದ ಮ್ಯಾಕ್ಸಿಕ್ಯಾಬ್ ಆಗುವ ಸಾಧ್ಯತೆ ಇದೆ.

"ಇಷ್ಟು ಪಾಯಿಂಟ್ ತೋರಿಸ್ತೀನಿ" ಅನ್ನುವ ಪ್ಯಾಕೇಜ್ ಒಪ್ಪಬೇಡಿ. ಪಾಯಿಂಟ್ ಲೆಕ್ಕ ಬಂದರೆ ಅವನಿಗೆ ಬೇಗ ಮುಗಿಸುವ ಆತುರ. ಗಂಟೆ ಲೆಕ್ಕ ಆದರೆ ನೀವು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಸಾಮಾನ್ಯ ದಿನಗಳಲ್ಲಿ ಹುಟ್ಟಿನ ದೋಣಿಗೆ ಗಂಟೆಗೆ ಕೆಲವು ನೂರು ರೂಪಾಯಿ, ಬಜ್ಡಾಕ್ಕೆ ಸಾವಿರದ ಮೇಲೆ, ದಿನ ಮತ್ತು ಜನಸಂದಣಿ ನೋಡಿ ಏರಿಳಿತ. ಮೊದಲು ಹೇಳಿದ ರೇಟಿಗೇ ಹೂಂ ಅನ್ನಬೇಡಿ, ಇಬ್ಬರು ಮೂವರನ್ನು ಕೇಳಿದರೆ ಆವತ್ತಿನ ನಿಜವಾದ ದರ ತಾನೇ ಗೊತ್ತಾಗುತ್ತದೆ. ಹಾಗಂತ ಐವತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವುದೂ ಚೆನ್ನಾಗಿರಲ್ಲ. ಎಷ್ಟೋ ದೋಣಿಗಳು ಹುಟ್ಟು ಹಾಕುವವನ ಸ್ವಂತದ್ದಲ್ಲ, ಮಾಲೀಕ ಬೇರೆ ಇರುತ್ತಾನೆ. ಬಕ್ಷೀಸು ಕೊಡುವುದಿದ್ದರೆ ನೇರ ಹುಟ್ಟು ಹಾಕಿದವನ ಕೈಗೇ ಕೊಡಿ.

ಮುಂಗಡ ಪೂರ್ತಿ ಕೊಡಬೇಡಿ. ಅವನ ಫೋನ್ ನಂಬರ್ ತಗೊಳ್ಳಿ, ದೋಣಿ ಕಟ್ಟಿರುವ ಜಾಗದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಬೆಳಗಿನ ಜಾವದ ಕತ್ತಲಲ್ಲಿ ಎಲ್ಲಾ ದೋಣಿಗಳೂ ಒಂದೇ ಥರ ಕಾಣುತ್ತವೆ. ಲೈಫ್ ಜಾಕೆಟ್ ಇದೆಯಾ ಅಂತ ಆಗಲೇ ಕಣ್ಣಾರೆ ನೋಡಿ. ಮಕ್ಕಳ ಸೈಜಿನದು ಬೇಕಿದ್ದರೆ ಹಿಂದಿನ ದಿನವೇ ಹೇಳಿ.

ಬೆಳಗಿನ ಜಾವ

ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮೊದಲು ಘಾಟ್‌ನಲ್ಲಿರಿ. ನವೆಂಬರ್‌ನಲ್ಲಿ ಸೂರ್ಯ ಆರೂಕಾಲರ ಸುಮಾರಿಗೆ, ಜನವರಿಯಲ್ಲಿ ಆರೂಮುಕ್ಕಾಲಿಗೆ. ಅಸ್ಸಿಯಲ್ಲಿ ಬೆಳಿಗ್ಗೆ 'ಸುಬಹ್-ಎ-ಬನಾರಸ್' ಅಂತ ಆರತಿ, ಸಂಗೀತ, ಯೋಗ ನಡೆಯುತ್ತದೆ, 2014ರಿಂದ ನಡೆದುಕೊಂಡು ಬಂದಿದೆ. ಸಂಜೆಯ ಆರತಿಯ ನೂಕುನುಗ್ಗಲು ಇಲ್ಲಿಲ್ಲ. ಆರತಿ ನೋಡಿ, ಒಂದು ಕುಡಿಕೆ ಚಹಾ ಕುಡಿದು, ಆಮೇಲೆ ದೋಣಿ ಹತ್ತಿ. ಶೌಚಾಲಯದ ಕೆಲಸ ಮುಗಿಸಿಯೇ ಬನ್ನಿ, ಸಣ್ಣ ದೋಣಿಯಲ್ಲಿ ಎರಡು ಗಂಟೆ ಅಂದರೆ ಎರಡು ಗಂಟೆ.

ಹತ್ತುವಾಗ ದೋಣಿಯ ಮೂತಿಯ ಮೇಲೆ ಒಬ್ಬೊಬ್ಬರಾಗಿ, ನಡುವೆ ಕಾಲಿಟ್ಟು ಹೋಗಿ, ಅಂಚಿನ ಮೇಲೆ ಕಾಲಿಡಬೇಡಿ. ಭಾರ ಎರಡೂ ಕಡೆ ಸಮ ಇರಲಿ. ಸೆಲ್ಫಿಗೆ ಎಲ್ಲರೂ ಒಂದೇ ಕಡೆ ವಾಲುವುದು ನಮ್ಮ ಗುಂಪುಗಳ ಹಳೇ ಚಾಳಿ, ಅದನ್ನು ದಡದಲ್ಲೇ ಬಿಟ್ಟುಬನ್ನಿ. ಕಾಶಿಗೆ ಹೋದರೆ ಏನಾದರೂ ಬಿಟ್ಟು ಬರಬೇಕಲ್ವಾ?

ಏನೇನು ನೋಡುತ್ತಾ ಹೋಗಬೇಕು

ಅಸ್ಸಿ ದಾಟಿದ ಕೂಡಲೇ ತುಳಸಿ ಘಾಟ್. ತುಳಸೀದಾಸರು ಇದ್ದ ಜಾಗ, 1623ರಲ್ಲಿ ತೀರಿಕೊಂಡದ್ದೂ ಕಾಶಿಯಲ್ಲೇ. ಇದೇ ಘಾಟ್‌ನಲ್ಲಿದ್ದ ವೀರಭದ್ರ ಮಿಶ್ರಾ ಸಂಕಟಮೋಚನ ದೇವಸ್ಥಾನದ ಮಹಂತರೂ ಹೌದು, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ನೀರಿನ ಎಂಜಿನಿಯರಿಂಗ್ ಕಲಿಸುತ್ತಿದ್ದ ಪ್ರೊಫೆಸರೂ ಹೌದು. ದಿನಾ ಬೆಳಿಗ್ಗೆ ಗಂಗೆಯಲ್ಲಿ ಮುಳುಗು ಹಾಕುತ್ತಿದ್ದರು, ಅದೇ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಎಷ್ಟು ಕೊಳೆಯಾಗಿದೆ ಅಂತ ಸರ್ಕಾರದ ಮುಂದೆ ಇಡುತ್ತಿದ್ದರು. ಗಂಗೆಯನ್ನು ನೋಡುವ ಈ ಎರಡು ಕಣ್ಣು ನನಗೆ ತುಂಬಾ ಇಷ್ಟ.

ಸ್ವಲ್ಪ ಮುಂದೆ ಚೇತ್ ಸಿಂಗ್ ಘಾಟ್. ಇಲ್ಲಿ ದೋಣಿ ನಿಲ್ಲಿಸಲು ಹೇಳಿ. ಕೋಟೆಯಂಥ ಕಟ್ಟಡ, ಕೆಳಗಿನ ಅರ್ಧ ಬರೀ ಗೋಡೆ, ಕಿಟಕಿಗಳೆಲ್ಲ ಎಲ್ಲೋ ಮೇಲೆ. ಇಲ್ಲಿನ ಹಳೇ ಅರಮನೆಗಳೆಲ್ಲ ಹೀಗೇ, ಪ್ರವಾಹದ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಗೊತ್ತಿದ್ದು ಕಟ್ಟಿಸಿದ್ದು. ಗೋಡೆ ಎಲ್ಲಿ ಮುಗಿದು ಕಿಟಕಿ ಶುರುವಾಗುತ್ತದೆ ಅಂತ ಒಂದೊಂದು ಕಟ್ಟಡದಲ್ಲೂ ನೋಡುತ್ತಾ ಹೋಗಿ, ನದಿಯ ಮಳೆಗಾಲದ ಎತ್ತರ ಕಣ್ಣಿಗೆ ಸಿಗುತ್ತದೆ. 1781ರ ಆಗಸ್ಟ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಹೆಚ್ಚಿನ ಹಣ ಕೇಳಿ ಕಾಶಿಯ ರಾಜ ಚೇತ್ ಸಿಂಗನನ್ನು ಇಲ್ಲೇ ಕಾವಲಿನಲ್ಲಿಟ್ಟಿದ್ದ. ಊರವರು ತಿರುಗಿಬಿದ್ದರು, ಸಿಪಾಯಿಗಳು ಸತ್ತರು, ಆ ಗಲಾಟೆಯಲ್ಲಿ ರಾಜ ಪೇಟಗಳನ್ನು ಗಂಟು ಹಾಕಿ ಹಗ್ಗ ಮಾಡಿಕೊಂಡು ಕಿಟಕಿಯಿಂದ ಇಳಿದು ದೋಣಿಯಲ್ಲಿ ಪರಾರಿಯಾದ. ಆ ಕಿಟಕಿಗಳನ್ನು ಕೆಳಗೆ ನೀರಿನಿಂದ ನೋಡಿದಾಗಲೇ ಎಷ್ಟು ಪೇಟ ಬೇಕಾಗಿದ್ದಿರಬಹುದು ಅಂತ ಅಂದಾಜಾಗುವುದು.

ಹನುಮಾನ್ ಘಾಟ್ ಬಂತು ಅಂದರೆ ದಕ್ಷಿಣದವರ ಬೀದಿ. ಮೇಲಿನ ಗಲ್ಲಿಗಳಲ್ಲಿ ಕನ್ನಡ, ತಮಿಳು, ತೆಲುಗು ಕೇಳಿಸುತ್ತದೆ. ಪಕ್ಕದಲ್ಲೇ ಕರ್ನಾಟಕ ಘಾಟ್, ಹಳೇ ಮೈಸೂರು ಸಂಸ್ಥಾನ ಕಟ್ಟಿಸಿದ್ದು. ಫಲಕ ನೋಡಿ ನಮ್ಮವರು ಎದ್ದು ನಿಂತು ಫೋಟೋ ತೆಗೆಯುವ ಜಾಗ ಇದೇ, ಕೂತೇ ತೆಗೆಯಿರಿ. ಇನ್ನೂ ಮುಂದೆ ಕೆಂಪು ಬಿಳಿ ಪಟ್ಟೆಯ ಕೇದಾರ ಘಾಟ್, ದೂರದಿಂದಲೇ ಗುರುತು ಸಿಗುತ್ತದೆ. ಇವೆರಡರ ನಡುವೆ ಹರಿಶ್ಚಂದ್ರ ಘಾಟ್, ಸತ್ಯಹರಿಶ್ಚಂದ್ರನ ಕಥೆ ಕೇಳಿ ಬೆಳೆದ ನಮಗೆ ಹೆಸರೇ ಸಾಕು. ಇಲ್ಲಿ ಚಿತೆಗಳಿರುತ್ತವೆ, ಕ್ಯಾಮೆರಾ ಒಳಗಿಡಿ.

ಅಲ್ಲಿಂದ ದಶಾಶ್ವಮೇಧದವರೆಗೆ ಘಾಟ್‌ಗಳು ಒಂದರ ಮೇಲೊಂದು ಬರುತ್ತವೆ, ಎಲ್ಲದರ ಹೆಸರೂ ನೆನಪಿಡುವ ಗೋಜಿಗೆ ಹೋಗಬೇಡಿ. ದರ್ಭಂಗಾ ಅರಮನೆ, ಈಗ ಅದು ಹೋಟೆಲ್. ಅಹಲ್ಯಾಬಾಯಿ ಘಾಟ್, ಈಗಿನ ವಿಶ್ವನಾಥ ದೇವಸ್ಥಾನವನ್ನು 1780ರ ಸುಮಾರಿಗೆ ಕಟ್ಟಿಸಿದ ಇಂದೋರಿನ ರಾಣಿಯ ಹೆಸರಲ್ಲಿ. ದಶಾಶ್ವಮೇಧ ದಾಟಿದರೆ ಮಾನ್ ಮಂದಿರ, ಮೂಲೆಯಲ್ಲಿ ಹೊರಚಾಚಿದ ಕಲ್ಲಿನ ಝರೋಕಾ, ಅಂದರೆ ಕೆತ್ತನೆಯ ಕಿಟಕಿ ಮಾಡ, ನೋಡಿ. ತಾರಸಿ ಮೇಲೆ ಜೈಪುರದ ಸವಾಯಿ ಜೈಸಿಂಗ್ ಹದಿನೆಂಟನೇ ಶತಮಾನದಲ್ಲಿ ಕಟ್ಟಿಸಿದ ವೀಕ್ಷಣಾಲಯ ಇದೆ. ದೋಣಿಯಿಂದ ಅದು ಸರಿಯಾಗಿ ಕಾಣುವುದಿಲ್ಲ, ಇನ್ನೊಂದು ಹೊತ್ತಿನಲ್ಲಿ ಹತ್ತಿ ಹೋಗಿ ನೋಡಿ.

ಲಲಿತಾ ಘಾಟ್‌ನಲ್ಲಿ ವಿಶ್ವನಾಥ ಧಾಮದ ದೊಡ್ಡ ದ್ವಾರ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ಕಾರಿಡಾರ್, ನದಿಯಿಂದ ನೇರ ದೇವಸ್ಥಾನಕ್ಕೆ ಮೆಟ್ಟಿಲು. ದೋಣಿಯಲ್ಲಿ ಬಂದು ಇಲ್ಲೇ ಇಳಿದು ದರ್ಶನಕ್ಕೆ ಹೋಗಬಹುದು, ಆದರೆ ದೇವಸ್ಥಾನದೊಳಗೆ ಫೋನ್ ಬಿಡುವುದಿಲ್ಲ, ಅದನ್ನೆಲ್ಲ ಲಾಕರ್‌ನಲ್ಲಿಡಬೇಕು. ದರ್ಶನದ ಸರತಿ ಎಷ್ಟಿರುತ್ತದೋ, ದೋಣಿಯವನನ್ನು ಕಾಯಿಸುವುದು ಬೇಡ. ಪಕ್ಕದಲ್ಲಿ ಮೇಲಕ್ಕೆ ನೇಪಾಳಿ ಮಂದಿರ, ಮರದ್ದು. 1800ರ ಹೊತ್ತಿಗೆ ಕಾಶಿಯಲ್ಲಿ ಬಂದು ನೆಲೆಸಿದ್ದ ನೇಪಾಳದ ರಾಜ ರಣಬಹಾದುರ ಶಾ ಶುರು ಮಾಡಿಸಿದ್ದು, ಮುಗಿದದ್ದು ಅವನ ನಂತರ.

ಮಣಿಕರ್ಣಿಕಾ. ದಡದಲ್ಲಿ ಸೌದೆ ತುಂಬಿದ ದೊಡ್ಡ ದೊಡ್ಡ ದೋಣಿಗಳು, ಮೆಟ್ಟಿಲ ಮೇಲೆ ಮನೆ ಎತ್ತರದ ಸೌದೆ ರಾಶಿ, ಮಸಿ ಹಿಡಿದ ಗೋಪುರಗಳು. ಹಗಲು ರಾತ್ರಿ ಚಿತೆ ಉರಿಯುತ್ತಲೇ ಇರುತ್ತದೆ. ದೋಣಿಯವನಿಗೆ ಇಲ್ಲಿ ಹತ್ತಿರ ಹೋಗಬೇಡ, ನಡುನೀರಲ್ಲೇ ಸಾಗು ಅಂತ ಹೇಳಿ. ಫೋಟೋ, ವಿಡಿಯೋ ಬೇಡವೇ ಬೇಡ. ಯಾರದೋ ಮನೆಯ ಸಾವು ಅದು. ಇಳಿದು ನೋಡಲು ಹೋದರೆ "ಬಡವರ ಸೌದೆಗೆ ದಾನ ಕೊಡಿ" ಅಂತ ಗಂಟು ಬೀಳುವವರಿದ್ದಾರೆ, ಅವರ ಜೊತೆ ಮಾತಿಗೇ ನಿಲ್ಲಬೇಡಿ.

ಅದರ ಪಕ್ಕದಲ್ಲೇ ಸಿಂಧಿಯಾ ಘಾಟ್, ನೀರಲ್ಲಿ ವಾಲಿ ನಿಂತ ರತ್ನೇಶ್ವರ ದೇವಸ್ಥಾನ. ವರ್ಷದಲ್ಲಿ ಎಷ್ಟೋ ತಿಂಗಳು ಇದರ ಗರ್ಭಗುಡಿ ನೀರಲ್ಲಿ, ಹೂಳಲ್ಲಿ. ಬೇಸಿಗೆಯಲ್ಲಿ ಬಂದವರಿಗೆ ಮಾತ್ರ ಪೂರ್ತಿ ಕಾಣುತ್ತದೆ. ನಂತರ ಪಂಚಗಂಗಾ. ಕತ್ತಲಲ್ಲಿ ಮೆಟ್ಟಿಲ ಮೇಲೆ ಮಲಗಿದ್ದ ಕಬೀರರ ಮೇಲೆ ರಾಮಾನಂದರ ಕಾಲು ತಾಗಿ "ರಾಮ ರಾಮ" ಅಂದದ್ದೇ ದೀಕ್ಷೆಯಾಯಿತು ಅನ್ನುವ ಕಥೆ ಈ ಮೆಟ್ಟಿಲುಗಳದ್ದು. ಮೇಲೆ ಔರಂಗಜೇಬನ ಕಾಲದ ಮಸೀದಿ, ಹತ್ತಿರದಲ್ಲೇ ಬಿಂದುಮಾಧವನ ದೇವಸ್ಥಾನ. ಹೆಚ್ಚಿನ ದೋಣಿಗಳು ಮಣಿಕರ್ಣಿಕೆಯಿಂದಲೇ ತಿರುಗುವುದರಿಂದ ಇಲ್ಲಿ ಜನ ಕಡಿಮೆ. ನನ್ನ ಕೇಳಿದರೆ ಇಡೀ ದಾರಿಯಲ್ಲಿ ಸುಮ್ಮನೆ ಹುಟ್ಟು ಎತ್ತಿಟ್ಟು ತೇಲಬೇಕಾದ ಜಾಗ ಇದೇ.

ಕೊನೆಗೆ ಮಾಳವೀಯ ಸೇತುವೆ, 1887ರದ್ದು, ಕೆಳಗೆ ರೈಲು ಮೇಲೆ ರಸ್ತೆ. ಸೇತುವೆ ಪಕ್ಕ ಹೊಸದಾಗಿ ಕಟ್ಟಿದ ನಮೋ ಘಾಟ್, ಕೈಮುಗಿದ ದೊಡ್ಡ ಶಿಲ್ಪಗಳಿಂದ ಗುರುತಾಗುತ್ತದೆ. ವಾಹನ ಹತ್ತಿರಕ್ಕೇ ಬರುವುದರಿಂದ ವಯಸ್ಸಾದವರನ್ನು ಇಳಿಸಲು ಇದು ಅನುಕೂಲ. ಇಷ್ಟಕ್ಕೆ ನಿಧಾನವಾಗಿ ಬಂದರೆ ಎರಡು ಗಂಟೆ, ಅಲ್ಲಲ್ಲಿ ನಿಲ್ಲಿಸಿದರೆ ಇನ್ನೂ ಜಾಸ್ತಿ.

ಪಂಚತೀರ್ಥ ಮಾಡುವವರಿಗೆ

ಯಾತ್ರೆಯ ಮನಸ್ಸಿನಿಂದ ಹೋಗುವವರಿಗೆ ಸ್ವಂತ ದೋಣಿ ಇನ್ನೂ ಉಪಯೋಗ. ಅಸ್ಸಿ, ದಶಾಶ್ವಮೇಧ, ಆದಿಕೇಶವ, ಪಂಚಗಂಗಾ, ಮಣಿಕರ್ಣಿಕಾ, ಈ ಕ್ರಮದಲ್ಲಿ ಐದು ಕಡೆ ಸ್ನಾನ ಮಾಡುವುದು ಪಂಚತೀರ್ಥ ಯಾತ್ರೆ. ಗಮನಿಸಿ, ಆದಿಕೇಶವದವರೆಗೆ ಹೋಗಿ ಮತ್ತೆ ಹರಿವಿಗೆ ಎದುರಾಗಿ ಬರಬೇಕು. ಇದಕ್ಕೆ ಮಾತ್ರ ಮೋಟಾರ್ ದೋಣಿಯೇ ಸರಿ, ಅರ್ಧ ದಿನ ಅಂತ ಮಾತಾಡಿ, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ಪುರೋಹಿತರು ಬೇಕಿದ್ದರೆ ಹನುಮಾನ್ ಘಾಟ್ ಕಡೆ ಅಥವಾ ನೀವು ಇಳಿದುಕೊಂಡ ಮಠದಲ್ಲಿ ಕೇಳಿ. ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠಕ್ಕೆ ಹೋದರೂ ಕನ್ನಡದಲ್ಲೇ ವ್ಯವಹಾರ ಆಗುತ್ತದೆ.

ಸಂಜೆ, ಆರತಿಗೆ

ಇದಕ್ಕೆ ಬೇರೆಯೇ ದೋಣಿ, ಬೇರೆಯೇ ಲೆಕ್ಕ. ದಶಾಶ್ವಮೇಧದಲ್ಲಿ ಆರತಿ ಮಾಡುವವರು ನದಿಗೆ ಮುಖ ಮಾಡಿ ನಿಲ್ಲುತ್ತಾರೆ. ಮೆಟ್ಟಿಲ ಮೇಲೆ ಕೂತವರಿಗೆ ಕಾಣುವುದು ಅವರ ಬೆನ್ನು, ದೋಣಿಯಲ್ಲಿರುವವರಿಗೆ ಮುಖ. ಆದರೆ ನೀವು ತಡವಾಗಿ ಹೋದರೆ ಮುಂದಿನ ಸಾಲಿನ ಬಜ್ಡಾಗಳ ಬೆನ್ನು ಕಾಣುತ್ತದೆ ಅಷ್ಟೇ. ಒಂದು ಗಂಟೆ ಮೊದಲೇ ಜಾಗ ಹಿಡಿಯಬೇಕು. ಚಳಿಗಾಲದಲ್ಲಿ ಅಲ್ಲಿ ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ನಮ್ಮೂರ ಲೆಕ್ಕ ಹಿಡಿದು ಆರು ಗಂಟೆಗೆ ಹೊರಟರೆ ಮುಗೀತು. ಬೇಸಿಗೆಯಲ್ಲಿ ಆರತಿ ಏಳರ ಸುಮಾರಿಗೆ. ಆವತ್ತಿನ ಸಮಯವನ್ನು ಘಾಟ್‌ನಲ್ಲೇ ಕೇಳಿಕೊಳ್ಳಿ.

ಆರತಿಯ ಹೊತ್ತಿಗೆ ದೋಣಿಗಳನ್ನು ಒಂದಕ್ಕೊಂದು ಕಟ್ಟಿ ನಿಲ್ಲಿಸುತ್ತಾರೆ. ಚಹಾ ಮಾರುವ ಹುಡುಗರು ಕೆಟಲ್ ಹಿಡಿದು ದೋಣಿಯಿಂದ ದೋಣಿಗೆ ನೆಲದ ಮೇಲೆ ನಡೆದಷ್ಟು ಸಲೀಸಾಗಿ ದಾಟುತ್ತಾರೆ. ನೀವು ಆ ಸಾಹಸಕ್ಕೆ ಹೋಗಬೇಡಿ. ಮಧ್ಯದಲ್ಲಿ ಹೊರಡಬೇಕು ಅಂದರೂ ಆಗುವುದಿಲ್ಲ, ಸುತ್ತ ಕಟ್ಟಿರುತ್ತಾರೆ. ಸಣ್ಣ ಮಕ್ಕಳಿದ್ದರೆ ಇದನ್ನು ಯೋಚಿಸಿ. ದೊನ್ನೆಯಲ್ಲಿ ಹೂವು, ದೀಪ ಇಟ್ಟು ಮಾರುತ್ತಾರೆ, ಹತ್ತುವ ಮೊದಲೇ ದಡದಲ್ಲಿ ತಗೊಂಡರೆ ಅಗ್ಗ. ಪ್ಲಾಸ್ಟಿಕ್ ತಟ್ಟೆಯದ್ದು ಬೇಡ, ಎಲೆಯದ್ದೇ ಕೇಳಿ.

ಸಣ್ಣ ಪುಟ್ಟ ವಿಷಯಗಳು

ಚಳಿಗಾಲದಲ್ಲಿ ಸಾವಿರಾರು ಬಿಳಿ ಕಡಲಕ್ಕಿಗಳು ವಲಸೆ ಬರುತ್ತವೆ, ದೋಣಿಯವರು ಸೈಬೀರಿಯಾದ ಹಕ್ಕಿ ಅಂತಾರೆ. ಅವಕ್ಕೆ ಹಾಕಲು ಸೇವ್ ಪೊಟ್ಟಣ ಮಾರುತ್ತಾರೆ. ಕರಿದ ತಿಂಡಿ ಹಕ್ಕಿಗೆ ಒಳ್ಳೆಯದಲ್ಲ, ಹಾಕಬೇಡಿ. ಹಾಕದಿದ್ದರೂ ಹಕ್ಕಿಗಳು ದೋಣಿ ಸುತ್ತ ಬರುತ್ತವೆ.

ಎದುರಿನ ಮರಳ ದಡಕ್ಕೆ "ಉಸ್ ಪಾರ್" ಹೋಗೋಣ ಅಂತ ದೋಣಿಯವನೇ ಕೇಳುತ್ತಾನೆ, ದುಡ್ಡು ಬೇರೆ. ಇಡೀ ಊರು ಬಿಲ್ಲಿನ ಹಾಗೆ ಬಾಗಿರುವುದು ಅಲ್ಲಿಂದ ಮಾತ್ರ ಒಂದೇ ನೋಟಕ್ಕೆ ಸಿಗುತ್ತದೆ, ಹೊತ್ತಿದ್ದರೆ ಹೋಗಿ. ಅಲ್ಲಿ ಒಂಟೆ, ಕುದುರೆ ಸವಾರಿಯವರ ಕಾಟ ಇದೆ. ನೀರಿಗಿಳಿಯುವಾಗ ಎಚ್ಚರ, ಮರಳು ಒಮ್ಮೆಲೇ ಆಳಕ್ಕಿಳಿಯುತ್ತದೆ. ಹೊತ್ತು ಇನ್ನೂ ಹೆಚ್ಚಿದ್ದು ಮೋಟಾರ್ ದೋಣಿ ಆದರೆ ಅಸ್ಸಿಯಿಂದ ಉಲ್ಟಾ ಮೇಲಕ್ಕೆ ರಾಮನಗರ ಕೋಟೆಗೂ ಹೋಗಬಹುದು, 1750ರಲ್ಲಿ ಬಲವಂತ ಸಿಂಗ್ ಕಟ್ಟಿಸಿದ ಕಾಶಿ ರಾಜರ ಮನೆ, ಅದು ಮಾತ್ರ ಆ ದಡದಲ್ಲಿದೆ.

ಗಂಗೆ ತುಂಬಿಕೊಳ್ಳುವವರು ಗಿಂಡಿ ಊರಿಂದಲೇ ತನ್ನಿ, ದಡದ ಬದಲು ನಡುನೀರಲ್ಲಿ ತುಂಬಿ. ಕಾಶಿಯಿಂದ ಗಂಗೆ ತರಬಾರದು, ಪ್ರಯಾಗದಿಂದಲೇ ತರಬೇಕು ಅನ್ನುವ ಮನೆಗಳೂ ಇವೆ, ಹೊರಡುವ ಮೊದಲು ಹಿರಿಯರನ್ನು ಕೇಳಿಬಿಡಿ.

ಬರುವುದು ಹೇಗೆ ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ಬೆಂಗಳೂರಿನಿಂದ ನೇರ ವಿಮಾನ ಇದೆ, ಮೈಸೂರಿನಿಂದ ವಾರಾಣಸಿ ಎಕ್ಸ್‌ಪ್ರೆಸ್ ಇದೆ, ಸಂಘಮಿತ್ರ ರೈಲು ಹಿಡಿದರೆ ಹಳೇ ಮೊಘಲ್‌ಸರಾಯ್‌ನಲ್ಲಿ (ಈಗಿನ ಹೆಸರು ದೀನದಯಾಳ್ ಉಪಾಧ್ಯಾಯ ಜಂಕ್ಷನ್) ಇಳಿದು ಟ್ಯಾಕ್ಸಿ. 2022ರ ನವೆಂಬರ್‌ನಲ್ಲಿ ಶುರುವಾದ ಭಾರತ್ ಗೌರವ್ ಕಾಶಿ ದರ್ಶನ ರೈಲಿನಲ್ಲಿ ಗುಂಪಿನ ಜೊತೆ ಬರುವವರಿಗೆ ಸ್ವಂತ ಹೊತ್ತು ಕಡಿಮೆ. ಅಂಥವರು ಬೆಳಗಿನ ಜಾವದ ಸವಾರಿಯನ್ನೇ ಇಟ್ಟುಕೊಳ್ಳಿ, ಗುಂಪಿನವರು ತಿಂಡಿಗೆ ಕೂರುವಷ್ಟರಲ್ಲಿ ವಾಪಸ್ ಬಂದಿರುತ್ತೀರಿ.

ಇಳಿದ ಮೇಲೆ ಹಸಿವಾಗಿರುತ್ತದೆ. ಬೆಳಿಗ್ಗೆ ಎಲ್ಲಾ ಕಡೆ ಬಿಸಿ ಕಚೋರಿ, ಪಲ್ಯ, ಜಿಲೇಬಿ. ಚಳಿಗಾಲ ಆದರೆ ಹಳೇ ಊರಿನ ಗಲ್ಲಿಗಳಲ್ಲಿ ಮಲೈಯೋ ಕೇಳಿ, ಹಾಲಿನ ನೊರೆಯನ್ನು ಕೇಸರಿ ಹಾಕಿ ಕುಡಿಕೆಯಲ್ಲಿ ಕೊಡುತ್ತಾರೆ, ಬಾಯಿಗಿಟ್ಟರೆ ಏನೂ ಇಲ್ಲದಂತೆ ಕರಗುತ್ತದೆ. ಬಿಸಿಲೇರಿದರೆ ನೊರೆ ನಿಲ್ಲುವುದಿಲ್ಲ, ಹಾಗಾಗಿ ಬೆಳಿಗ್ಗೆಯೇ ಮಾರಿ ಮುಗಿಸುತ್ತಾರೆ. ರೂಮಿಗೆ ಹೋಗಿ ಸ್ನಾನ ಮಾಡಿ ಬರ್ತೀನಿ ಅಂದರೆ ಸಿಗುವುದಿಲ್ಲ, ದೋಣಿ ಇಳಿದವರು ನೇರ ಅಲ್ಲಿಗೇ ಹೋಗಿ.